ಎರಡು ಹಂತದ ಲಾಗಿನ್: ಮೊದಲ ದಿನವೇ ಮುಗಿಸಬೇಕಾದ ಕೆಲಸ

ಹೊಸ ಫೋನ್ ಕೊಂಡ ದಿನವೇ ತಮ್ಮ ಖಾತೆಯ ಬಾಗಿಲಲ್ಲಿ ದಿಕ್ಕೆಟ್ಟು ನಿಂತ ಅನೇಕರನ್ನು ನಾನು ನೋಡಿದ್ದೇನೆ. ಪಾಸ್‌ವರ್ಡ್ ನೆನಪಿದೆ, ಆದರೆ ಆರಂಕಿಯ ಕೋಡ್ ತೋರಿಸುತ್ತಿದ್ದ ಹಳೆಯ ಫೋನಿನಲ್ಲಿ ಈಗ ಏನೂ ಉಳಿದಿಲ್ಲ. ಎರಡು ಹಂತದ ದೃಢೀಕರಣವನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಒಂದು ಕೋಡ್ ಕೂಡ ಕೇಳುವ ವ್ಯವಸ್ಥೆಯನ್ನು, ಅರ್ಧಕ್ಕೆ ಬಿಟ್ಟವರ ಪಾಡು ಇದು.

ಮೊದಲು ನೀವು ಭದ್ರಪಡಿಸಬೇಕೆಂದಿರುವ ಖಾತೆಯ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗ ತೆರೆದು ಈ ಸೌಲಭ್ಯವನ್ನು ಆನ್ ಮಾಡಿ. ಇಮೇಲ್ ಖಾತೆಯಿಂದಲೇ ಆರಂಭಿಸಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದು ಬೀಳುವುದು ಅಲ್ಲಿಗೇ.

ಕೋಡ್ ಎಲ್ಲಿಗೆ ಬರಬೇಕೆಂದು ಕೇಳಿದಾಗ, ಬೇರೆ ದಾರಿಯಿದ್ದರೆ ಎಸ್ಎಂಎಸ್ ಆರಿಸಬೇಡಿ. ವಂಚಕರು ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದರೆ ಕೋಡ್ ಅವರಿಗೇ ಹೋಗುತ್ತದೆ. ಕೋಡನ್ನು ಫೋನಿನಲ್ಲೇ ತಯಾರಿಸಿ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಗೂಗಲ್, ಮೈಕ್ರೋಸಾಫ್ಟ್‌ನವು ಉಚಿತ. ಆಂಡ್ರಾಯ್ಡ್ ಬಳಸುವವರಿಗೆ ಏಜಿಸ್ ಕೂಡ ಇದೆ. ಇವುಗಳ ಹೆಸರು, ಚಿತ್ರ ಎರಡನ್ನೂ ಅನುಕರಿಸಿ ಚಂದಾ ಕೇಳುವ ಆ್ಯಪ್‌ಗಳನ್ನು ಮುಟ್ಟಲೇಬೇಡಿ.

ಈಗ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ. ಅದು ಮೂಡಿರುವುದು ಇದೇ ಫೋನಿನಲ್ಲಿ, ಸ್ಕ್ಯಾನ್ ಮಾಡಬೇಕಾದದ್ದೂ ಇದೇ ಫೋನ್! ಇಲ್ಲಿ ಬಹಳ ಜನ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಹಾಗೆ ಮಾಡಬೇಡಿ. ಆ ಚೌಕದೊಳಗೆ ಇರುವುದು ನಿಮ್ಮ ಗುಪ್ತ ಕೀಲಿ. ಚಿತ್ರ ಸಿಕ್ಕವರೆಲ್ಲ ನಿಮ್ಮ ಕೋಡ್‌ಗಳನ್ನು ತಾವೇ ಪಡೆಯಬಲ್ಲರು. ಚೌಕದ ಕೆಳಗೆ ಸಾಮಾನ್ಯವಾಗಿ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದು ಇರುತ್ತದೆ, ಇಲ್ಲವೇ ಅದನ್ನು ತೋರಿಸುವ ಗುಂಡಿ ಇರುತ್ತದೆ. ಆ ಸಾಲನ್ನು ಕಾಪಿ ಮಾಡಿ ಅಥೆಂಟಿಕೇಟರ್‌ನಲ್ಲಿ ಪೇಸ್ಟ್ ಮಾಡಿ. ಕೂಡಲೇ ಆರಂಕಿಯ ಕೋಡ್ ಕಾಣಿಸುತ್ತದೆ.

ಅದನ್ನು ಮೂಲ ಆ್ಯಪ್‌ನಲ್ಲಿ ನಮೂದಿಸಿ. ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕೊನೆಯ ನಾಲ್ಕೈದು ಸೆಕೆಂಡಿನಲ್ಲಿ ಅವಸರಪಡದೆ ಮುಂದಿನದಕ್ಕೆ ಕಾಯಿರಿ. ಮತ್ತೆ ಮತ್ತೆ ತಪ್ಪೆಂದು ತೋರಿಸಿದರೆ ಫೋನಿನ ಗಡಿಯಾರ ನೋಡಿ. ಕೀಲಿ ಮತ್ತು ಸಮಯ ಎರಡನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ಕೋಡ್ ಸಿಗುತ್ತದೆ, ಆದರೆ ಸಮಯ ಸರಿಯಿರಲೇಬೇಕು.

ಬಳಿಕ ಬ್ಯಾಕಪ್ ಕೋಡ್‌ಗಳ, ಅಂದರೆ ಫೋನ್ ಕೈಯಲ್ಲಿಲ್ಲದಾಗ ಬಳಸುವ ಕೋಡ್‌ಗಳ ಪುಟ ಬರುತ್ತದೆ; ಅದನ್ನು ದಯವಿಟ್ಟು ದಾಟಿ ಹೋಗಬೇಡಿ. ಆ ಪುಟ ತಾನಾಗಿ ಬರದಿದ್ದರೆ ಭದ್ರತೆಯ ವಿಭಾಗದಲ್ಲಿ ಹುಡುಕಿ. ಗೂಗಲ್ ಎಂಟಂಕಿಯ 10 ಕೋಡ್ ಕೊಡುತ್ತದೆ; ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಕಾಗದ, ಪೆನ್ನು ತೆಗೆದುಕೊಂಡು ನಾಲ್ಕು ನಾಲ್ಕು ಅಂಕಿಯಾಗಿ ಬಿಡಿಸಿ ಬರೆಯಿರಿ. ಖಾತೆಯ ಹೆಸರು, ದಿನಾಂಕವನ್ನೂ ಹಾಕಿ. ಫೋನಿನಲ್ಲೇ ಉಳಿಸಿದರೆ ಫೋನಿನ ಜೊತೆಗೇ ಅವೂ ಕಳೆದುಹೋಗುತ್ತವೆ. ಹೊಸ ಪಟ್ಟಿ ಪಡೆದರೆ ಹಳೆಯದು ನಡೆಯುವುದಿಲ್ಲ; ಆ ಕಾಗದವನ್ನು ಹರಿದುಹಾಕಿ.

ಫೋನ್ ಬದಲಿಸುವಾಗ ಹೊಸದರಲ್ಲಿ ಪ್ರತಿಯೊಂದು ಖಾತೆಗೂ ಲಾಗಿನ್ ಆಗಿ ನೋಡಿದ ಮೇಲಷ್ಟೇ ಹಳೆಯದನ್ನು ಅಳಿಸಿ. ಕರೆ ಮಾಡಿ ಕೋಡ್ ಕೇಳುವವರು ಯಾರೇ ಆಗಲಿ, ಹೇಳಬೇಡಿ.

ಕೊನೆಗೊಂದು ಪರೀಕ್ಷೆ: ಇನ್ನೊಂದು ಸಾಧನದಲ್ಲಿ ಲಾಗಿನ್ ಉಳಿಸಿಕೊಂಡು, ಫೋನಿನಲ್ಲಿ ಲಾಗೌಟ್ ಆಗಿ, ಕಾಗದದ ಮೊದಲ ಕೋಡ್ ಬಳಸಿ ಒಳಗೆ ಬನ್ನಿ. ಬಂದ ಮೇಲೆ ಅದರ ಮೇಲೆ ಗೆರೆ ಎಳೆಯಿರಿ.