ಕನ್ನಡಿಯಿಂದ ಜೇಬಿಗೆ ಬಂದ ಜಪಸರ

ಕಾರ್ಕಳದಲ್ಲಿ ಟ್ಯಾಕ್ಸಿ ಓಡಿಸಲು ಶುರು ಮಾಡಿ 22 ವರ್ಷ ಆಯಿತು. ಹೆಚ್ಚಿನ ಬಾಡಿಗೆ ಮಂಗಳೂರಿನ ಆಸ್ಪತ್ರೆಗಳಿಗೆ, ಇಲ್ಲವೇ ವಿಮಾನ ನಿಲ್ದಾಣಕ್ಕೆ. ರಜೆಯ ದಿನಗಳಲ್ಲಿ ಆಗುಂಬೆ, ಶೃಂಗೇರಿ ಕಡೆ. ಮೊದಲ ಕಾರು ತಂದ ದಿನವೇ ಅತ್ತೂರಿನ ಸಂತ ಲಾರೆನ್ಸರ ಸನ್ನಿಧಿಗೆ ಹೋಗಿ ಆಶೀರ್ವಾದ ಮಾಡಿಸಿದ್ದೆ. ಕನ್ನಡಿಗೆ ಜಪಸರ, ಅಂದರೆ ನಾವು ಪ್ರಾರ್ಥನೆ ಎಣಿಸುವ ಮಣಿಸರ, ಕಟ್ಟಿದೆ. ಹಿಂದಿನ ಗಾಜಿಗೆ ಬೈಬಲಿನ 91ನೇ ಕೀರ್ತನೆಯ ಸಾಲು ಬರೆಸಿದೆ. ದೇವದೂತರು ನಿನ್ನನ್ನು ಕಾಯುತ್ತಾರೆ, ನಿನ್ನ ಕಾಲು ಕಲ್ಲಿಗೆ ತಗಲದ ಹಾಗೆ ಎತ್ತಿಕೊಳ್ಳುತ್ತಾರೆ ಎನ್ನುವ ಸಾಲು. ಇಷ್ಟಾದರೆ ನನ್ನ ಪಾಲಿನ ಕೆಲಸ ಮುಗಿಯಿತು ಎಂದೇ ನಂಬಿದ್ದೆ.

ಒಂದು ಅಕ್ಟೋಬರ್ ತಿಂಗಳು. ನಮ್ಮಲ್ಲಿ ಅದು ಜಪಸರದ ತಿಂಗಳು. ಆ ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆಗೂ ಜಪಸರ ಎಂದೇ ಹೆಸರು. ಸಂಜೆ ಮನೆಯವರ ಜೊತೆ ಕೂತು ಪ್ರಾರ್ಥಿಸಲು ನನಗೆ ಆಗುತ್ತಿರಲಿಲ್ಲ. ಅದಕ್ಕೆ ಫೋನಿನಲ್ಲಿ ಜಪಸರ ಹಾಕಿಕೊಂಡು, ಕಾರು ಓಡಿಸುತ್ತಲೇ ಉತ್ತರ ಹೇಳುತ್ತಿದ್ದೆ. ಅವತ್ತು ಉಡುಪಿಯಲ್ಲಿ ಒಬ್ಬರನ್ನು ಇಳಿಸಿ, ಮಂಗಳೂರಿನ ಇನ್ನೊಂದು ಬಾಡಿಗೆಗೆ ಹೊರಟಿದ್ದೆ. ಕಾರಿನಲ್ಲಿ ನಾನೊಬ್ಬನೇ. ಕಾಪು ದಾಟಿದೆ, ಉಚ್ಚಿಲ ಹತ್ತಿರ ಬಂತು. ಒಂದು ರಹಸ್ಯ, ಅಂದರೆ ಜಪಸರದ ಐದು ಭಾಗಗಳಲ್ಲಿ ಒಂದು, ಮುಗಿದ ಮೇಲೆ ಫೋನ್ ನಿಂತುಹೋಯಿತು. ಮುಂದಿನದನ್ನು ಹಾಕಲು ಕಣ್ಣು ಕೆಳಗೆ ಹಾಕಿದೆ.

ಎಷ್ಟು ಹೊತ್ತು? ಮೂರು ಸೆಕೆಂಡ್ ಇರಬಹುದು. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ಮೂರು ಸೆಕೆಂಡಿಗೆ 66 ಮೀಟರ್. ಅಷ್ಟು ದೂರ ಆ ಕಾರನ್ನು ಯಾರೂ ಓಡಿಸಿರಲಿಲ್ಲ.

ಕಣ್ಣೆತ್ತಿದಾಗ ಡಿವೈಡರ್ ಸಂದಿನಿಂದ ದಾಟುತ್ತಿದ್ದ ಒಬ್ಬ ಮೀನಿನ ಹೆಂಗಸು ರಸ್ತೆ ನಡುವೆ ನಿಂತುಬಿಟ್ಟಿದ್ದರು. ಓಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ತುಳಿದೆ. ಕಾರು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ತಲೆಯ ಮೇಲಿನ ಬುಟ್ಟಿ ಬಿದ್ದು ಬಂಗುಡೆ ರಸ್ತೆ ತುಂಬ ಚೆಲ್ಲಿತ್ತು. ನಾನು ಇಳಿದು ಹೋದೆ. ಕೈ ನಡುಗುತ್ತಿತ್ತು. ಇಬ್ಬರೂ ಕೂತು ಮೀನು ಹೆಕ್ಕಿದೆವು. ಅವರು ಬೈಯಲಿಲ್ಲ. "ಮಗಾ, ನಿನಗೆ ಎಂತ ಅಷ್ಟು ಅರ್ಜೆಂಟ್?" ಎಂದು ಕೇಳಿದರು, ಅಷ್ಟೇ. ಫೋನ್ ಸೀಟಿನ ಕೆಳಗೆ ಬಿದ್ದು ಜಪಸರ ಹೇಳುತ್ತಲೇ ಇತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕ್ರಿಸ್ಮಸ್ಸಿಗೆ ಮೊದಲು, ಚರ್ಚಿನ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋದಾಗ ಇದನ್ನು ಹೇಳಿದೆ. ಅಷ್ಟು ವರ್ಷಗಳಲ್ಲಿ ರಸ್ತೆಯ ವಿಷಯವನ್ನು ನಾನು ಅಲ್ಲಿ ತೆಗೆದದ್ದೇ ಇಲ್ಲ. ಅದು ಪೊಲೀಸರ ವಿಷಯ, ದೇವರದ್ದಲ್ಲ ಎಂದುಕೊಂಡಿದ್ದೆ. ಗುರುಗಳು ಸಮಾಧಾನವಾಗಿ ಕೇಳಿಸಿಕೊಂಡು, ದೇವರ ಹತ್ತು ಕಟ್ಟಳೆಗಳಲ್ಲಿ ಐದನೆಯದು ಯಾವುದು ಎಂದು ಕೇಳಿದರು. "ಕೊಲೆ ಮಾಡಬೇಡ" ಎಂದೆ. ಧರ್ಮಸಭೆಯ ಬೋಧನೆಯ ಪುಸ್ತಕವಾದ ಕ್ರೈಸ್ತೋಪದೇಶದಲ್ಲಿ ಅದೇ ಕಟ್ಟಳೆಯ ಕೆಳಗೆ 2290ನೇ ಪರಿಚ್ಛೇದ ಇದೆ ಎಂದು ಅವರು ತಿಳಿಸಿದರು. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವವನ ಮೇಲೆ ಗಂಭೀರವಾದ ಅಪರಾಧ ಇದೆ ಎನ್ನುತ್ತದೆ ಅದು. 2007ರಲ್ಲಿ ವ್ಯಾಟಿಕನ್ ರಸ್ತೆಯ ಬಗ್ಗೆಯೇ ಒಂದು ಮಾರ್ಗದರ್ಶಿ ಹೊರಡಿಸಿತ್ತು. ಅದರಲ್ಲಿ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಮೊದಲನೆಯದು ಇದೇ, ಕೊಲ್ಲಬೇಡ.

ಮನೆಗೆ ಬಂದು ಮೊದಲು ಜಪಸರ ಬಿಚ್ಚಿದೆ. ಭಕ್ತಿ ಕಡಿಮೆಯಾಗಿ ಅಲ್ಲ. ತಿರುವಿನಲ್ಲಿ ಅದು ತೂಗುತ್ತದೆ, ತೂಗಿದಾಗ ಕಣ್ಣು ಅಲ್ಲಿಗೆ ಹೋಗುತ್ತದೆ. ಮುಂದಿನ ಗಾಜಿನ ಮೂಲೆಯಲ್ಲಿ ಯೇಸುವಿನ ಹೃದಯದ ಚಿತ್ರ ಅಂಟಿಸಿದ್ದೆ. ಅದನ್ನೂ ತೆಗೆದೆ. ಗಾಜಿನ ಪಕ್ಕದ ಕಂಬ ಮೊದಲೇ ಒಂದಿಷ್ಟು ರಸ್ತೆಯನ್ನು ಮರೆ ಮಾಡುತ್ತದೆ. ಒಂದು ಬೈಕ್ ಪೂರ್ತಿ ಆ ಮರೆಯಲ್ಲಿ ಅಡಗಬಹುದು. ಚಿತ್ರ ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಜಪಸರ ಅಂಗಿಯ ಜೇಬಿನಲ್ಲಿದೆ.

ಹಿಂದಿನ ಗಾಜಿನ ಸಾಲನ್ನು ಅಳಿಸಲು ಸ್ವಲ್ಪ ದಿನ ಬೇಕಾಯಿತು. ಮತ್ತಾಯನ ಶುಭಸಂದೇಶದ ನಾಲ್ಕನೇ ಅಧ್ಯಾಯ ಓದುವಾಗ ಗೊತ್ತಾಯಿತು. ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಕ್ಕೆ ಧುಮುಕು ಎನ್ನುತ್ತಾನೆ. ಧೈರ್ಯಕ್ಕೆ ಒಂದು ವಾಕ್ಯವನ್ನೂ ಹೇಳುತ್ತಾನೆ. ಯಾವುದು ಅಂದರೆ ಇದೇ 91ನೇ ಕೀರ್ತನೆ, ನಾನು ಬರೆಸಿದ್ದ ಇದೇ ಸಾಲು! ಅದಕ್ಕೆ ಯೇಸು ಕೊಟ್ಟ ಉತ್ತರ, ನಿನ್ನ ದೇವರನ್ನು ಪರೀಕ್ಷಿಸಬೇಡ. ಕೀರ್ತನೆಯಲ್ಲಿ ತಪ್ಪಿಲ್ಲ. ಈಗಲೂ ಮನೆಯಲ್ಲಿ ಅದನ್ನು ಪ್ರಾರ್ಥಿಸುತ್ತೇನೆ. ಆದರೆ ತಿರುವಿನಲ್ಲಿ ಓವರ್‌ಟೇಕ್ ಮಾಡುತ್ತಾ ಅದನ್ನು ಬೆನ್ನಿಗೆ ಹೊತ್ತುಕೊಂಡು ಹೋಗುವುದು ತುದಿಯಿಂದ ಧುಮುಕಿದ ಹಾಗೆಯೇ ಅಲ್ವಾ?

ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆಗೆ ಬರುತ್ತದೆ. ದೇವರು ಕಾಯುತ್ತಾರೆ, ಗೋಡೆ ಬೇಡ ಎಂದು ಅಲ್ಲಿ ಹೇಳಿಲ್ಲ. ಇದನ್ನು ಓದಿದ ಮೇಲೆ ಹಿಂದಿನ ಸೀಟಿನವರೂ ಬೆಲ್ಟ್ ಹಾಕದೆ ನಾನು ಗೇರ್ ಹಾಕುವುದಿಲ್ಲ. ಕೆಲವರು ಗೊಣಗುತ್ತಾರೆ. "ನನ್ನ ಕಾರಿನ ಅಡ್ಡಗೋಡೆ ಅದು, ದಯವಿಟ್ಟು ಹಾಕಿ" ಎನ್ನುತ್ತೇನೆ. ಟೈರಿನ ಗಾಳಿ, ವೈಪರ್, ಬ್ರೇಕ್ ಲೈಟ್ ಪ್ರತಿ ಬೆಳಿಗ್ಗೆ ನೋಡುತ್ತೇನೆ. ಮದುವೆ ಬಾಡಿಗೆಯಲ್ಲಿ ಪ್ರೀತಿಯಿಂದ ಒಂದು ಪೆಗ್ ಕೊಡಲು ಬರುವವರು ಇರುತ್ತಾರೆ. ಅದು ಮಾತ್ರ ಇಲ್ಲವೇ ಇಲ್ಲ.

ಇವೆಲ್ಲ ಕೈಯ ಕೆಲಸ, ಅಭ್ಯಾಸವಾದರೆ ಕಷ್ಟವಿಲ್ಲ. ಕಷ್ಟವಾದದ್ದು ಕೋಪ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗ ಎರಡನೇ ಗೇರಿನಲ್ಲಿ, ಕೆಲವು ಕಡೆ ಒಂದನೇ ಗೇರಿನಲ್ಲಿ, ಇಂಜಿನ್ ಹಿಡಿತದಲ್ಲೇ ಇಳಿಯಬೇಕು. ಬ್ರೇಕ್ ತುಳಿದುಕೊಂಡೇ ಬಂದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಇಕ್ಕಟ್ಟಿದ್ದ ಕಡೆ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇದು ನಿಯಮ, ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಮ್ಮೆ ಇಳಿಯುತ್ತಾ ಬಂದವನು ಒಂದು ಪಿಕಪ್‌ಗೆ ಸೈಡ್ ಕೊಡಲಿಲ್ಲ. ಅವನು ಲೈಟ್ ಬ್ರೈಟ್ ಮಾಡಿದ ಎಂಬ ಸಿಟ್ಟು. ತಿರುವಿನಲ್ಲಿ ಪಿಕಪ್ ಆಫ್ ಆಯಿತು, ಹಿಂದಕ್ಕೆ ಜಾರಿತು, ಹಿಂದಿನ ಚಕ್ರ ಚರಂಡಿಗೆ ಇಳಿದು ನಿಂತಿತು. ಒಳಗೆ ಮಗು ಅಳುತ್ತಿತ್ತು. ತಾಯಿ ಅದನ್ನು ಎದೆಗೆ ಒತ್ತಿಕೊಂಡಿದ್ದರು. ಆರು ಜನ ಸೇರಿ ಗಾಡಿಯನ್ನು ಮೇಲೆತ್ತಿದೆವು. ಅಲ್ಲೇ ಎಲ್ಲರ ಎದುರು ತಪ್ಪು ನನ್ನದು ಎಂದು ಹೇಳಿದೆ. ಹಾಗೆ ಹೇಳಿದ್ದು ಅದೇ ಮೊದಲು.

ಸಿಟ್ಟಾಗಿ ಸಹೋದರನನ್ನು ಮೂರ್ಖ ಎನ್ನುವವನನ್ನು ಯೇಸು ಕೊಲೆಯ ಮಾತಿನ ಪಕ್ಕದಲ್ಲೇ ತಂದು ನಿಲ್ಲಿಸುತ್ತಾರೆ. ಮತ್ತಾಯನ ಐದನೇ ಅಧ್ಯಾಯ. ಯಾಕೆ ಪಕ್ಕದಲ್ಲೇ ಎಂಬುದು ನನಗೆ ಆ ತಿರುವಿನಲ್ಲಿ ಅರ್ಥವಾಯಿತು. ಈಗ ನಾನು ಮಾಡುವುದು ಇಷ್ಟು. ಯಾರಾದರೂ ಕಟ್ ಹೊಡೆದು ಒಳಗೆ ಬಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ, ಹಾರ್ನ್ ಮುಟ್ಟುವುದಿಲ್ಲ. ಮುಂದಿನ ಗಾಡಿ ಒಂದು ಲೈಟ್ ಕಂಬ ದಾಟಿದ ಕ್ಷಣ "ಪ್ರಭುವೇ, ಮುಂದಿರುವವರನ್ನು ಕಾಪಾಡಿ" ಎಂದು ನಿಧಾನವಾಗಿ ಹೇಳುತ್ತೇನೆ. ಅದು ಮುಗಿಯಲು ಮೂರು ಸೆಕೆಂಡ್ ಬೇಕು. ಅಷ್ಟರೊಳಗೆ ನಾನೇ ಆ ಕಂಬದ ಹತ್ತಿರ ಬಂದಿದ್ದರೆ ಅಂತರ ಸಾಲದು, ಇನ್ನೂ ಹಿಂದೆ ಉಳಿಯಬೇಕು. ಮಳೆಯಲ್ಲಿ ಎರಡು ಸಲ ಹೇಳುತ್ತೇನೆ. ಯಾರಿಗಾಗಿ ಪ್ರಾರ್ಥಿಸಿದೆನೋ ಅವನ ಬಾಲಕ್ಕೆ ಅಂಟಿಕೊಂಡು ಹೋಗಿ ಹೆದರಿಸಲು ಮನಸ್ಸು ಬರುವುದಿಲ್ಲ.

ಬೇಗ ಹೋಗಿ ಎನ್ನುವ ಬಾಡಿಗೆಯವರಿಗೂ ಒಂದು ಲೆಕ್ಕ ಹೇಳುತ್ತೇನೆ. 50 ಕಿಲೋಮೀಟರ್ ದಾರಿಯಲ್ಲಿ ಸರಾಸರಿ ವೇಗ 50 ಇದ್ದದ್ದು 60 ಮಾಡಿದರೆ ಉಳಿಯುವುದು 10 ನಿಮಿಷ. ಏನಾದರೂ ಆದರೆ ಪೆಟ್ಟು ಮಾತ್ರ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಈಗ ಬುಕ್ ಮಾಡುವಾಗಲೇ ಅರ್ಧ ಗಂಟೆ ಮೊದಲು ಹೊರಡೋಣ ಎಂದು ಕೇಳಿಕೊಳ್ಳುತ್ತೇನೆ. ನನಗೆ ತಾಳ್ಮೆ ಬಂದದ್ದು ಹೀಗೆ, ಮೊದಲೇ ಹೊರಟು. ಹಗಲು ಪೂರ್ತಿ ಓಡಿಸಿದ್ದರೆ ರಾತ್ರಿ ಬಾಡಿಗೆ ಒಪ್ಪುವುದಿಲ್ಲ. ಇದರಿಂದ ದುಡ್ಡು ಹೋಗುತ್ತದೆ, ನಿಜ. ಹೆಂಡತಿಯ ಜೊತೆ ಕೂತು ಮಾತಾಡಿ ಒಪ್ಪಿಕೊಂಡ ನಷ್ಟ ಅದು.

ಒಂದು ವಿಷಯ ಹೇಳದೆ ಹೋದರೆ ಬರೆದದ್ದು ಅರ್ಧ ಆಗುತ್ತದೆ. ಹಿಂದೊಮ್ಮೆ ಮೂಡುಬಿದಿರೆ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಬ್ಬ ಬೈಕಿನವನು ಬಿದ್ದಿದ್ದ. ನನ್ನ ಕಾರಿನಲ್ಲಿ ವಿಮಾನಕ್ಕೆ ಹೋಗುವವರು ಇದ್ದರು. ನಾನು ನಿಧಾನ ಮಾಡಿ, ನೋಡಿ, ಮುಂದೆ ಹೋದೆ. ಕೋರ್ಟು ಕಚೇರಿ ಯಾರಿಗೆ ಬೇಕು ಎಂಬ ಭಯ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿಯೂ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಬದಿಯಿಂದ ದಾಟಿದ, ಸಮಾರ್ಯ ಸೀಮೆಯವನೊಬ್ಬ ನಿಂತು ನೆರವಾದ ಕಥೆ ಲೂಕನ ಶುಭಸಂದೇಶದಲ್ಲಿ ಇದೆಯಲ್ಲ, ಅದನ್ನು ಚರ್ಚಿನಲ್ಲಿ ಓದಿದಾಗೆಲ್ಲ ನನಗೆ ಆ ಬೈಕ್ ಕಾಣುತ್ತದೆ.

ಈಗ ಆ ಭಯಕ್ಕೆ ಕಾರಣವೇ ಇಲ್ಲ. ಗಾಯಾಳುಗಳಿಗೆ ನೆರವಾಗುವವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಇದಕ್ಕೆಂದೇ ಕಾನೂನು ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಆ ಕಾನೂನುಗಳಲ್ಲಿ ಇಂಥ ನೆರವಿಗನಿಗೆ ಇರುವ 'ಗುಡ್ ಸಮರಿಟನ್' ಎಂಬ ಹೆಸರು ಲೂಕನ ಆ ಸಮಾರ್ಯದವನಿಂದಲೇ ಬಂದದ್ದು ಎಂದು ತಿಳಿದಾಗ ನನ್ನ ಕಣ್ಣು ತುಂಬಿತು.

ಆಮೇಲೆ ಮೂರು ಸಲ ನಿಂತಿದ್ದೇನೆ. ಕಾರನ್ನು ಬದಿಗೆ ಹಾಕಿ ನಾಲ್ಕೂ ಇಂಡಿಕೇಟರ್ ಹಾಕುವುದು, 108ಕ್ಕೆ ಕರೆ, ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯುವುದು. ನೀರು ಕುಡಿಸುವುದಿಲ್ಲ, ಸುಮ್ನೆ ಎತ್ತಿ ಎಳೆದಾಡುವುದಿಲ್ಲ. ಬಾಡಿಗೆಯವರಲ್ಲಿ ಇದುವರೆಗೆ ಒಬ್ಬರೂ ಬೇಡ ಎನ್ನಲಿಲ್ಲ. ಒಮ್ಮೆ ಒಬ್ಬ ಹಿರಿಯರು ತಮ್ಮ ಶಾಲನ್ನೇ ತೆಗೆದು ಕೊಟ್ಟರು.

ನಾಳೆ ಬೆಳಗಿನ ಜಾವ ಒಂದು ವಿಮಾನದ ಬಾಡಿಗೆ ಇದೆ. ಒಂಬತ್ತಕ್ಕೆ ಮಲಗುತ್ತೇನೆ. ಇಳಿಯುವವರು ಹೊರಗೆ ಬರುವವರೆಗೆ ಪಾರ್ಕಿಂಗಿನಲ್ಲಿ ಹೇಗೂ ಕಾಯಬೇಕು. ಕಾರು ಆಫ್ ಮಾಡಿ, ಜೇಬಿನಿಂದ ಜಪಸರ ತೆಗೆದರೆ ಐದು ರಹಸ್ಯ ಮುಗಿಯುವಷ್ಟು ಹೊತ್ತು ಸಿಗುತ್ತದೆ. ಉಚ್ಚಿಲದ ಆ ಅಮ್ಮನಿಗಾಗಿ ಒಂದು ರಹಸ್ಯ ಇದ್ದೇ ಇರುತ್ತದೆ.