ಓದಲು ಪರದೇಶಕ್ಕೆ ಹೊರಟವರ ಕಾಗದಪತ್ರ ಮತ್ತು ಬುತ್ತಿ

ವಿಜಯಪುರದ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಪರದೇಶಕ್ಕೆ ಓದಲು ಹೊರಟರೆಂದರೆ ಮೊದಲು ಜೋಳ ಹಸನು ಮಾಡುವ ಕೆಲಸ ಶುರುವಾಗುತ್ತದೆ. ಕಾಗದಪತ್ರಗಳ ನೆನಪಾಗುವುದು ವೀಸಾದ ತಾರೀಖು ಗೊತ್ತಾದ ಮೇಲೆ. ಮನೆಯ ಮಕ್ಕಳನ್ನೂ ಅಣ್ಣತಮ್ಮಂದಿರ ಮಕ್ಕಳನ್ನೂ ಕಳಿಸಿಕೊಟ್ಟ ಅನುಭವದಿಂದ ಹೇಳುವುದಾದರೆ, ಈ ಕ್ರಮ ಅದಲುಬದಲಾಗಬೇಕು. ರೊಟ್ಟಿಯನ್ನು ಹೊರಡುವ ವಾರ ಬಡಿದರೂ ನಡೆಯುತ್ತದೆ, ಹೆಸರಿನ ತಪ್ಪನ್ನು ಒಂದು ವಾರದಲ್ಲಿ ತಿದ್ದಿಸಲಾಗದು.

ನಮ್ಮ ಭಾಗದಲ್ಲಿ ಹೆಸರಿನದೇ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದಿದ್ದರೆ ಆಧಾರ್‌ನಲ್ಲಿ ಹಿಂದಿರುತ್ತದೆ, ಪದವಿಯ ಅಂಕಪಟ್ಟಿಯಲ್ಲಿ ನಡುವೆ ತಂದೆಯ ಹೆಸರು ಸೇರಿರುತ್ತದೆ, ಬಿರಾದಾರ, ಪಾಟೀಲ, ಹಿರೇಮಠ ಎಂಬ ಅಡ್ಡಹೆಸರುಗಳ ಇಂಗ್ಲಿಷ್ ಕಾಗುಣಿತವಂತೂ ಒಂದೊಂದು ಕಡೆ ಒಂದೊಂದು ಬಗೆ. ಎಲ್ಲ ಕಾಗದಗಳನ್ನೂ ಒಂದು ದಿನ ಚಾಪೆಯ ಮೇಲೆ ಸಾಲಾಗಿ ಹರವಿ, ಅಕ್ಷರಕ್ಕೆ ಅಕ್ಷರ ತಾಳೆ ನೋಡಿರಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿರಿ. ಹಾಗೆ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’, ಎಂದು ಅಚ್ಚಾಗುತ್ತದೆ, ಆಮೇಲೆ ಬ್ಯಾಂಕಿನಲ್ಲಿಯೂ ಕಾಲೇಜಿನಲ್ಲಿಯೂ ಅದರ ವಿವರಣೆ ಕೊಡುತ್ತ ತಿರುಗಬೇಕಾಗುತ್ತದೆ. 2014ರ ನವೆಂಬರ್ 1ರಂದು ಊರುಗಳ ಹೆಸರು ಬದಲಾದ ಕಾರಣ ಈಗಿನ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಬಿಜಾಪುರವೆಂದೋ ಬೆಳಗಾಂ ಎಂದೋ ಇರುವುದು ಸಹಜ. ಅದಕ್ಕೆ ಗಾಬರಿಯಾಗದೆ, ಪಾಸ್‌ಪೋರ್ಟಿನಲ್ಲಿ ಯಾವ ರೂಪವಿದೆಯೋ ಅದನ್ನೇ ಎಲ್ಲ ಅರ್ಜಿಗಳಲ್ಲಿಯೂ ಬರೆಯಿರಿ.

ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದವರಾಗಲಿ, ವಿಟಿಯುದವರಾಗಲಿ, ಮಹಿಳಾ ವಿಶ್ವವಿದ್ಯಾಲಯದವರಾಗಲಿ ಟ್ರಾನ್ಸ್‌ಕ್ರಿಪ್ಟ್‌ಗಳನ್ನು (ವಿಶ್ವವಿದ್ಯಾಲಯವೇ ದೃಢೀಕರಿಸಿ ಕೊಡುವ ಅಂಕಗಳ ಪಟ್ಟಿ) ಊರಿನಲ್ಲಿರುವಾಗಲೇ, ಬೇಕೆನಿಸಿದ್ದಕ್ಕಿಂತ ಒಂದೆರಡು ಪ್ರತಿ ಹೆಚ್ಚಾಗಿ, ಮೊಹರು ಮಾಡಿದ ಲಕೋಟೆಯಲ್ಲಿ ಪಡೆದಿಟ್ಟುಕೊಳ್ಳಬೇಕು. ಪಾಸ್‌ಪೋರ್ಟ್, ಪ್ರವೇಶಪತ್ರ, ಅಮೆರಿಕಕ್ಕಾದರೆ ಅಲ್ಲಿನ ಕಾಲೇಜು ವೀಸಾಕ್ಕೆಂದು ಕೊಡುವ ಐ-20 ಫಾರ್ಮು, ಸಾಲ ಮಂಜೂರಾದ ಪತ್ರ ಇವೆಲ್ಲ ಕೈಚೀಲದಲ್ಲಿರಬೇಕೇ ಹೊರತು ವಿಮಾನದ ಹೊಟ್ಟೆಗೆ ಹೋಗುವ ಚೀಲದಲ್ಲಲ್ಲ. ಬ್ಯಾಂಕಿನ ಒಟಿಪಿ ಇಲ್ಲಿನ ಮೊಬೈಲ್ ಸಂಖ್ಯೆಗೇ ಬರುವುದರಿಂದ ಆ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಅದು ಬಂದ್ ಆಗದಂತೆ ರೀಚಾರ್ಜ್ ಮಾಡಿಸುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊರಬೇಕು. ಹಲ್ಲಿನ ಚಿಕಿತ್ಸೆಯನ್ನು ಇಲ್ಲಿಯೇ ಮುಗಿಸಿ, ಕನ್ನಡಕ ಹಾಕುವವರು ಇನ್ನೊಂದು ಜೋಡಿ ಮಾಡಿಸಿಕೊಂಡರೆ ಅಲ್ಲಿ ಬಹಳ ಖರ್ಚು ಉಳಿಯುತ್ತದೆ.

ಇನ್ನು ಬುತ್ತಿಯ ವಿಚಾರ. ಒಯ್ಯುವ ರೊಟ್ಟಿಯನ್ನು ಡಬ್ಬಿಯ ಮುಚ್ಚಳಕ್ಕಿಂತ ತುಸು ಸಣ್ಣದಾಗಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿದ ಬಳಿಕ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ತೇವವೆಲ್ಲ ಆರುವವರೆಗೆ ಬಿಡಬೇಕು. ಅಂಚನ್ನು ಮುರಿದಾಗ ‘ಕಟ್’ ಎಂದರೆ ಅದು ಕಟಕ ರೊಟ್ಟಿಯಾಯಿತು, ಬಾಗಿದರೆ ಇನ್ನೂ ಹಸಿಯಿದೆ ಎಂದರ್ಥ. ಬಿಸಿಯಿರುವಾಗ ಕಟ್ಟಿದ ರೊಟ್ಟಿ ಬೆವರಿ ಬೂಸು ಹಿಡಿಯುವುದರಿಂದ, ಇಡೀ ರಾತ್ರಿ ಆರಲು ಬಿಟ್ಟು ಮರುದಿನ ಕಟ್ಟಿರಿ. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಹಾಕುವ ಬೆಳ್ಳುಳ್ಳಿಯನ್ನು ಬಾಣಲೆಯಲ್ಲಿ ಒಣಗುವಂತೆ ಹುರಿದುಕೊಳ್ಳದಿದ್ದರೆ ಹಿಂಡಿ ಬೇಗನೆ ಕಮಟು ವಾಸನೆ ಹಿಡಿಯುತ್ತದೆ. ಹಿಂಡಿ, ಅಗಸಿ ಚಟ್ನಿ, ಮಸಾಲಿ ಖಾರ ಇವುಗಳನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ, ಒಳಗೇನಿದೆ ಎಂಬುದನ್ನು ಪ್ರತಿಯೊಂದರ ಮೇಲೂ ಇಂಗ್ಲಿಷಿನಲ್ಲಿ ಬರೆದು ಅಂಟಿಸಿರಿ. ಹೆಸರಿಲ್ಲದ ಪುಡಿಯನ್ನು ಯಾವ ವಿಮಾನ ನಿಲ್ದಾಣದವರೂ ಸುಮ್ಮನೆ ಬಿಡುವುದಿಲ್ಲ, ವಿಭೂತಿ ಉಂಡೆಗೂ ಇದೇ ಮಾತು.

ಪ್ರೀತಿಯಿಂದ ಕಟ್ಟಿದ್ದೆಲ್ಲವೂ ಗಡಿ ದಾಟುವುದಿಲ್ಲವೆಂಬುದನ್ನು ಹಿರಿಯರು ಮುಖ್ಯವಾಗಿ ತಿಳಿದಿರಬೇಕು. ಬ್ರಿಟನ್ನಿಗಾಗಲಿ, ಜರ್ಮನಿ ಮೊದಲಾದ ಯುರೋಪಿನ ದೇಶಗಳಿಗಾಗಲಿ ನಮ್ಮ ದೇಶದಿಂದ ಹಾಲಿನ ಪದಾರ್ಥ ಒಯ್ಯಲು ಅವಕಾಶವಿಲ್ಲದ ಕಾರಣ ಬೆಳಗಾವಿಯ ಕುಂದಾ ಮನೆಯಲ್ಲಿಯೇ ತಿಂದು ಹೋಗುವಂಥದ್ದು. ಅಮೀನಗಡದ್ದಾಗಲಿ ಗೋಕಾಕದ್ದಾಗಲಿ ಕರದಂಟು ಕೊಳ್ಳುವಾಗ ಅದರಲ್ಲಿ ಗಸಗಸೆ ಹಾಕಿದ್ದಾರೆಯೇ ಎಂದು ಕೇಳಿರಿ, ಏಕೆಂದರೆ ಯುಎಇ ಮತ್ತು ಸಿಂಗಪುರಗಳಲ್ಲಿ ಗಸಗಸೆಗೆ ನಿಷೇಧವಿದೆ, ನಮ್ಮ ಮಕ್ಕಳಲ್ಲಿ ಬಹಳ ಮಂದಿ ದುಬೈಯಲ್ಲಿಯೇ ವಿಮಾನ ಬದಲಿಸುತ್ತಾರೆ. ಒಣಕೊಬ್ಬರಿಯ ಬಟ್ಟಲು ಎಣ್ಣೆಯಂಶದಿಂದ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದೆಂಬ ಕಾರಣಕ್ಕೆ ವಿಮಾನದಲ್ಲಿಯೇ ಬೇಡವಾದ ವಸ್ತು. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವ ಪದಾರ್ಥ ಏನೇ ಇದ್ದರೂ ಇಳಿದ ಕೂಡಲೇ ಬರೆದುಕೊಡಬೇಕು, ಮುಚ್ಚಿಟ್ಟರೆ ದಂಡ ಬೀಳುತ್ತದೆ, ವೀಸಾ ರದ್ದಾಗುವುದೂ ಉಂಟು.

ನಾನಂತೂ ಬುತ್ತಿಗಿಂತ ಅಡುಗೆಯ ರೂಢಿಗೇ ಹೆಚ್ಚು ಬೆಲೆ ಕೊಡುತ್ತೇನೆ. ಹೊರಡುವ ಎರಡು ಮೂರು ತಿಂಗಳು ಮೊದಲೇ ವಾರಕ್ಕೊಂದೆರಡು ದಿನ ಅಡುಗೆಮನೆಯನ್ನು ಅವರ ಕೈಗೆ ಒಪ್ಪಿಸಿರಿ, ಗಂಡುಮಕ್ಕಳಿಗೂ ಇದರಲ್ಲಿ ವಿನಾಯಿತಿ ಬೇಡ. ಅನ್ನ, ಬೇಳೆ, ಒಂದು ಪಲ್ಯ, ಚಪಾತಿ ಇಷ್ಟು ಬಂದರೆ ಸಾಕು. ಜೊತೆಗೆ ಪಾತ್ರೆ ತೊಳೆದಿಡುವುದೂ ಪಾಠದಲ್ಲಿ ಸೇರಲಿ. ಇಂಡಕ್ಷನ್ ಒಲೆಗೂ ಹೊಂದುವ ಸಣ್ಣ ಕುಕ್ಕರ್ ಒಂದನ್ನು ಒಯ್ಯಬಹುದು. ಮಿಕ್ಸರ್ ಮಾತ್ರ ದೇಶ ನೋಡಿ ನಿರ್ಧರಿಸಿರಿ, ಅಮೆರಿಕದ ಮನೆಗಳಲ್ಲಿ ವಿದ್ಯುತ್ 120 ವೋಲ್ಟ್ ಇರುವುದರಿಂದ ನಮ್ಮ 230 ವೋಲ್ಟಿನ ಮಿಕ್ಸರ್ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಹಿಮದ ಊರಿನ ಕೋಟನ್ನು ಅಲ್ಲಿಯೇ ಕೊಳ್ಳುವುದು ಲೇಸು. ಅಜ್ಜಿ ಹೊಲಿದ ಕೌದಿಯ ಮೇಲೆ ಎಷ್ಟೇ ಜೀವವಿದ್ದರೂ ತೂಕ ನೋಡಿದ ಮೇಲೆ ಆ ಮಾತೆತ್ತಿರಿ.

ತೂಕದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಬೇರೆ ಟಿಕೆಟ್ ತೆಗೆಸಿದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಬಿಡುತ್ತಾರೆ, ಪರದೇಶದ ಟಿಕೆಟ್ಟಿನಲ್ಲಿ 23 ಕಿಲೋದ ಎರಡು ಚೀಲಗಳಿಗೆ ಅವಕಾಶವಿದ್ದರೂ ಇಲ್ಲಿ ಹೆಚ್ಚಿನ ತೂಕಕ್ಕೆ ಹಣ ಕಟ್ಟಬೇಕಾಗುತ್ತದೆ. ಆದ್ದರಿಂದ ಎರಡೂ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಸೇರಿಸಿರಿ, ಇಲ್ಲವೇ ರೈಲಿನಲ್ಲಿ ಹೋಗಿರಿ. ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್, ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಂಗಳೂರಿಗೆ ಇದ್ದೇ ಇವೆ. ಬಹಳಷ್ಟು ಕಾಲೇಜುಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರುವಾಗುವ ಕಾರಣ ಪ್ರಯಾಣ ಮಳೆಗಾಲದಲ್ಲಿಯೇ ಬೀಳುತ್ತದೆ, ಹಾಗಾಗಿ ವಿಮಾನದ ಹಿಂದಿನ ದಿನವೇ ಬೆಂಗಳೂರು ಮುಟ್ಟಿರುವಂತೆ ಹೊರಡಿರಿ.