ರವೆ ಬೆಲ್ಲದ ಬಾಟಲಿಯಲ್ಲಿ ಹಣ್ಣಿನ ನೊಣ

ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಐದು ಫೈಟರ್ ಮೀನುಗಳಿವೆ. ನೀರಿನ ಮೇಲೆ ಬಿದ್ದ ಹುಳುಗಳನ್ನು ಹಿಡಿದು ತಿನ್ನುವುದು ಅವುಗಳ ಹುಟ್ಟುಗುಣವಾದ್ದರಿಂದ, ಒಣ ಗುಳಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ಸಲವಾದರೂ ಜೀವಂತ ಆಹಾರ ಸಿಗಲೆಂದು ನಾನು ಹಣ್ಣಿನ ನೊಣ ಸಾಕತೊಡಗಿದೆ. ಇದು ಕಳಿತ ಬಾಳೆಹಣ್ಣಿಗೆ ಮುತ್ತುವ, ಎರಡು ಮೂರು ಮಿಲಿಮೀಟರ್ ಉದ್ದದ, ಕೆಂಪುಗಣ್ಣಿನ ಡ್ರೊಸೊಫಿಲಾ. ನಮ್ಮ ಭಾಗದ ಆಪೂಸ್ ಮಾವಿನ ಬೆಳೆಗಾರರು ಹಣ್ಣಿನ ನೊಣ ಎಂದೇ ಕರೆದು, ಬಲೆ ಕಟ್ಟಿ ಹಿಡಿಯುವುದು ಗಟ್ಟಿ ಕಾಯಿಯನ್ನೇ ಚುಚ್ಚಿ ಮೊಟ್ಟೆಯಿಡುವ ಬೇರೊಂದು ನೊಣವನ್ನು. ಅದನ್ನು ಯಾರೂ ಸಾಕಬಾರದು.

ತಳಿಯನ್ನು ದುಡ್ಡು ಕೊಟ್ಟು ತರಲಿಲ್ಲ. ಹೋಳು ಮಾಡಿದ ಪೇರಲ ಹಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಕಾಗದದ ಆಲಿಕೆ ಇಟ್ಟೆ. ಎರಡು ದಿನದಲ್ಲಿ ಮೂವತ್ತರಷ್ಟು ನೊಣಗಳು ಒಳಗಿದ್ದವು.

ಮೊದಲು ಬರೀ ಬಾಳೆಹಣ್ಣಿನ ಮೇಲೆ ಬೆಳೆಸಿದಾಗ ಅದು ಐದೇ ದಿನಕ್ಕೆ ನೀರೊಡೆದು, ಮರಿಹುಳುಗಳು ಅದರಲ್ಲೇ ಮುಳುಗಿ ಸತ್ತವು. ಆಮೇಲೆ ಪ್ರಯೋಗಾಲಯಗಳಲ್ಲಿ ಬಳಸುವ ರವೆಯ ಪಾಕಕ್ಕೆ ಬಂದೆ. 250 ಮಿಲಿ ನೀರಿಗೆ 25 ಗ್ರಾಂ ಗೋಧಿ ರವೆ, 25 ಗ್ರಾಂ ಬೆಲ್ಲ, ಪಾಕ ಹೆಪ್ಪುಗಟ್ಟಲು ಎರಡೂವರೆ ಗ್ರಾಂ ಅಗರ್ ಪುಡಿ ಹಾಕಿ, ಗಂಟಾಗದಂತೆ ತಿರುವುತ್ತ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೂಸ್ಟು ತಡೆಯಲು ಒಂದು ಚಮಚ ವಿನೆಗರ್ ಸೇರಿಸುತ್ತೇನೆ. ಬಿಸಿ ಆರುವ ಮೊದಲೇ ನೊಣ ಬಿಟ್ಟ ದಿನ, ಗಾಜಿನ ಒಳಗೋಡೆಯಲ್ಲಿ ಇಳಿಯುತ್ತಿದ್ದ ಹನಿಗಳಿಗೆ ರೆಕ್ಕೆ ಅಂಟಿಕೊಂಡು ಒಂದು ತಂಡವೇ ನಾಶವಾಯಿತು. ಈಗ ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಆರಿಸಿ, ಬೆಳಿಗ್ಗೆ ನಾಲ್ಕು ಕಾಳು ಯೀಸ್ಟ್ ಉದುರಿಸಿ, ಹುಳುಗಳು ಮೇಲೇರಿ ಕೋಶ ಕಟ್ಟಲು ಮಡಿಸಿದ ಕಾಗದವೊಂದನ್ನು ನಿಲ್ಲಿಸುತ್ತೇನೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ಹೊಸ ನೊಣ ಬರಲು ಸುಮಾರು ಹತ್ತು ದಿನ ಬೇಕು. ಚಳಿಗಾಲದಲ್ಲಿ ಇನ್ನೂ ತಡ. ಆದ್ದರಿಂದ ವಾರಕ್ಕೊಂದು ಹೊಸ ಬಾಟಲಿ ಹೂಡಿ, ನುಸಿ ಬೀಳುವ ಮೊದಲೇ, ತಿಂಗಳು ತುಂಬಿದ್ದನ್ನು ತೆಗೆದುಬಿಡುತ್ತೇನೆ.

ಮೀನಿಗೆ ಕೊಡುವಾಗ ಬೇಕಾದಷ್ಟು ನೊಣಗಳನ್ನು ಸಣ್ಣ ಡಬ್ಬಿಗೆ ಕೊಡವಿಕೊಂಡು ಐದು ನಿಮಿಷ ಫ್ರಿಜ್ಜಿನಲ್ಲಿಡಬೇಕು. ಚಳಿಗೆ ಮರಗಟ್ಟಿ ಎಳ್ಳಿನಂತೆ ತಳದಲ್ಲಿ ಬಿದ್ದಿರುವ ಅವನ್ನು ನೀರಿಗೆ ಉದುರಿಸಿದರೆ ಕ್ಷಣದಲ್ಲಿ ಕಾಲು ಆಡಿಸತೊಡಗುತ್ತವೆ. ಆ ಕದಲಿಕೆಗೇ ಮೀನು ಕೆಳಗಿನಿಂದ ನುಗ್ಗಿ ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇಸಿಗೆ. ಮೊದಲ ಏಪ್ರಿಲ್‌ನಲ್ಲಿ ಬಾಟಲಿಗಳ ತುಂಬ ನೊಣಗಳಿದ್ದವು, ಭೂತಗನ್ನಡಿಯಲ್ಲಿ ನೋಡಿದರೆ ಪಾಕದ ಮೇಲೆ ಎರಡು ಎಳೆ ಚಾಚಿದ ಬಿಳಿ ಮೊಟ್ಟೆಗಳೂ ಇದ್ದವು, ಮರಿಹುಳು ಮಾತ್ರ ಒಂದೂ ಕಾಣಲಿಲ್ಲ. ಸುಮಾರು 30 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಬೆಳೆದ ಗಂಡು ನೊಣಗಳು ಸಂತಾನಶಕ್ತಿ ಕಳೆದುಕೊಳ್ಳುತ್ತವೆ ಎಂಬುದು ಮೂರು ಬಾಟಲಿ ಹಾಳಾದ ಮೇಲೆ ತಿಳಿಯಿತು. ಅಂದಿನಿಂದ ಮಾರ್ಚ್ ಬಂತೆಂದರೆ ಬಾಟಲಿಗಳನ್ನು ಕುಡಿಯುವ ನೀರಿನ ಹರವಿಯ ಪಕ್ಕದಲ್ಲಿ, ಒದ್ದೆ ಉಸುಕು ತುಂಬಿದ ಮಣ್ಣಿನ ತಟ್ಟೆಯಲ್ಲಿಟ್ಟು, ಸುತ್ತ ತೋಯಿಸಿದ ಗೋಣಿ ಹೊದಿಸುತ್ತೇನೆ. ಕೋಣೆ 33 ಡಿಗ್ರಿ ಇರುವಾಗ ಗೋಣಿಯೊಳಗೆ 27, 28 ತೋರಿಸುತ್ತದೆ. ಇರುವೆ ಬಾರದಿರಲೆಂದು ಆ ತಟ್ಟೆಯನ್ನು ನೀರು ತುಂಬಿದ ಪರಾತದಲ್ಲಿ ನಿಲ್ಲಿಸಿದ್ದೇನೆ. ಕಳೆದ ಮೇ ತಿಂಗಳಲ್ಲಿ ಬಾಟಲಿಯ ಕಾಗದದ ಮಡಿಕೆಗಳ ತುಂಬ ಕಂದು ಕೋಶಗಳಿದ್ದವು.